ನನ್ನ ಕುತ್ತಿಗೆಯ ಅಳತೆ

ಕಾಲರುಗಳೆಲ್ಲ ಸಡಿಲ ಎಂದು ಆಸ್ಪತ್ರೆಯವರು ಸಮವಸ್ತ್ರದ ಇಡೀ ಗಂಟನ್ನು ನಮ್ಮ ಅಂಗಡಿಗೆ ವಾಪಸ್ಸು ಕಳಿಸಿದ ದಿನವನ್ನು ನಾನು ಈಗಲೂ ಕೈಮುಗಿದು ನೆನೆಯುತ್ತೇನೆ. ಅವತ್ತು ಮಾತ್ರ ಕೈಮುಗಿಯುವ ಮನಸ್ಸು ನಮ್ಮಲ್ಲಿ ಯಾರಿಗೂ ಇರಲಿಲ್ಲ. ಅತ್ತೆ ಹೊಲಿಗೆ ಮೆಷೀನಿನ ಮುಂದೆ ಮುಖ ಊದಿಸಿಕೊಂಡು ಕೂತಿದ್ದರು. ನನ್ನ ಗಂಡ ಬಟ್ಟೆ ಕತ್ತರಿಸುವ ಮೇಜಿನ ಹಿಂದೆ ಹುಬ್ಬು ಗಂಟಿಕ್ಕಿಕೊಂಡು ನಿಂತಿದ್ದರು. ಇಬ್ಬರ ನಡುವೆ ನಾನು ಗುಂಡಿ ಹಚ್ಚುತ್ತಾ ಕೂತಿದ್ದೆ.

"ನನ್ನ ಹೊಲಿಗೆ ಸರಿಯಾಗೇ ಇದೆ. ಕತ್ತರಿ ಆಡಿಸಿದೋನು ಎಲ್ಲಿ ನೋಡ್ತಿದ್ದ ಅಂತ ಅವನನ್ನೇ ಕೇಳು" ಎಂದರು ಅತ್ತೆ, ನನ್ನ ಕಡೆ ತಿರುಗಿ.

"ನಾನು ಕತ್ತರಿಸಿದ್ದು ಕೂದಲೆಳೆಯಷ್ಟೂ ಆಚೀಚೆ ಆಗಿಲ್ಲ. ಹೊಲಿಯೋವಾಗ ಬಟ್ಟೆ ಎಳೆದಾಡಿದ್ರೆ ಹಿಗ್ಗದೆ ಏನಾಗುತ್ತೆ? ಅಮ್ಮನ್ನ ಕೇಳು" ಎಂದರು ಗಂಡ. ಅವರೂ ನನಗೇ ಹೇಳಿದರು.

ತಾಯಿ ಮಗ ಮಾತು ಬಿಟ್ಟರೆ ನಾನೇ ಅಂಚೆ ಪೇದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನುವ ಗಾದೆ ನಾಲಿಗೆಯ ತುದಿಗೆ ಬಂದಿತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಆದರೆ ಅವತ್ತು ಬೈಯುವುದಕ್ಕೂ ಮೈಯಲ್ಲಿ ಕಸುವಿರಲಿಲ್ಲ. ಒಂದು ಗುಂಡಿ ಹಚ್ಚಿ ಮುಗಿಸುವಷ್ಟರಲ್ಲಿ ಕಣ್ಣು ಎಳೆಯುತ್ತಿತ್ತು. ವರ್ಷದಿಂದ ಹಾಗೇ ಆಗಿತ್ತು. ಅತ್ತೆ ನನಗೆ ನಿದ್ದೆಬುರುಕಿ ಎಂದು ಹೆಸರಿಟ್ಟಾಗಿತ್ತು. ಎಲ್ಲರೂ ಫ್ಯಾನ್ ಹಾಕಿ ಎನ್ನುವಾಗ ನಾನು ಶಾಲು ಹೊದೆಯುತ್ತಿದ್ದೆ. ಬಾಚಣಿಗೆಯಲ್ಲಿ ಉಳಿಯುತ್ತಿದ್ದ ಕೂದಲನ್ನು ಯಾರೂ ನೋಡದ ಹಾಗೆ ಸುತ್ತಿ ಎಸೆಯುತ್ತಿದ್ದೆ.

ನಮ್ಮದು ಸಮವಸ್ತ್ರ ಮಾತ್ರ ಹೊಲಿಯುವ ಅಂಗಡಿ. ಹಿಂದಿನ ಎರಡು ಕೋಣೆ ನಮ್ಮ ಮನೆ. ಅಂಗಡಿ ಶುರು ಮಾಡಿದ್ದು ಮಾವ. ಅವರು ಹೋದರೂ ಅವರು ಹಾಕಿಕೊಟ್ಟ ಪದ್ಧತಿ ಉಳಿದಿದೆ. "ಕಾಗದದ ಮೇಲಿನ ಅಂಕಿ ಉಸಿರಾಡಲ್ಲ, ಮೈ ಉಸಿರಾಡುತ್ತೆ" ಎನ್ನುತ್ತಿದ್ದರಂತೆ ಅವರು. ಹಾಗಾಗಿ ಯಾವ ಆರ್ಡರ್ ಬಂದರೂ ಮೊದಲು ಮಧ್ಯಮ ಅಳತೆಯ ಒಂದನ್ನು ಮನೆಯವರ ಮೈಗೇ ಹೊಲಿಯಬೇಕು. ಅವರು ಅದನ್ನು ಹಾಕಿಕೊಂಡು ಒಂದು ದಿನ ಕೂತು, ಎದ್ದು, ಬಗ್ಗಿ ಕೆಲಸ ಮಾಡಬೇಕು. ಹಿಡಿದ ಕಡೆ ಬಿಡಿಸಿ, ಸಡಿಲವಾದ ಕಡೆ ಹಿಡಿದು ಸರಿಮಾಡಿದ ಮೇಲೆ ಆ ಮಾದರಿಯಿಂದಲೇ ಉಳಿದ ಅಳತೆಗಳನ್ನು ದೊಡ್ಡದು, ಚಿಕ್ಕದು ಮಾಡಿ ಕತ್ತರಿಸಬೇಕು. ಬೇರೆ ಅತ್ತೆಯರು ಸೊಸೆ ತಂದ ಸಾಮಾನನ್ನು ಅಳೆಯುತ್ತಾರಂತೆ, ನಮ್ಮತ್ತೆ ಟೇಪು ಹಿಡಿದು ಸೊಸೆಯನ್ನೇ ಅಳೆದರು. "ಮಧ್ಯಮ ಅಳತೆಗೆ ಹೇಳಿ ಮಾಡಿಸಿದ ಹಾಗಿದ್ದೀಯಲ್ಲೇ!" ಎಂದು ಹಿಗ್ಗಿದರು. ಅಂದಿನಿಂದ ಹೆಂಗಸರ ಸಮವಸ್ತ್ರಕ್ಕೆಲ್ಲ ನನ್ನ ಮೈಯೇ ಅಂಗಡಿಯ ಅಳತೆ.

ಆಸ್ಪತ್ರೆಯ ಮಾದರಿ ಹಾಕಿಕೊಂಡ ದಿನ ನಾನೇ ಹೇಳಿದ್ದೆ, ಕಾಲರು ಬಿಗಿ, ಉಸಿರು ಕಟ್ಟುತ್ತದೆ ಎಂದು. ಅತ್ತೆ ಕಾಲರಿನೊಳಗೆ ಬೆರಳು ತೂರಿಸಿ ನೋಡಿ, ಹೌದು ಎಂದು ಬಿಚ್ಚಿ ಇನ್ನಷ್ಟು ಅಗಲ ಮಾಡಿ ಹೊಲಿದರು. ಮತ್ತೂ ಬಿಗಿ ಎಂದೆ, ಮತ್ತೂ ಬಿಚ್ಚಿದರು. ದರ್ಜಿಗಳ ಮನೆಯಲ್ಲಿ ಬಟ್ಟೆ ಮೈಗೆ ಕೂರದಿದ್ದರೆ ತಪ್ಪು ಬಟ್ಟೆಯದ್ದೇ. ಮೈಯೂ ತಪ್ಪಬಹುದು ಎಂದು ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಗಂಟು ಬಂದ ಮಾರನೆಯ ದಿನ ಆಸ್ಪತ್ರೆಯ ಹಿರಿಯ ನರ್ಸ್ ತಾವೇ ಬಂದರು. ಅವರನ್ನು ಎಲ್ಲರೂ ದೊಡ್ಡ ಸಿಸ್ಟರ್ ಎನ್ನುತ್ತಿದ್ದರು. ಗಂಟಿಗೆ ಹಾಕದೆ ಉಳಿಸಿಕೊಂಡಿದ್ದ ನಮ್ಮ ಹೊಲಿಗೆಯ ಒಂದನ್ನು ತೊಟ್ಟು ಬಂದಿದ್ದರು. ಕುತ್ತಿಗೆಯ ಸುತ್ತ ಕಾಲರು ಬಾಯಿ ಬಿಟ್ಟುಕೊಂಡು ನಿಂತಿತ್ತು.

"ಇದರೊಳಗೆ ನಮ್ಮ ಜೊತೆ ಇನ್ನೊಬ್ಬರು ಇಣುಕಬಹುದು, ಅಷ್ಟು ಜಾಗ ಇದೆ" ಎಂದರು.

ಅತ್ತೆಗೆ ಸಹಿಸಲಾಗಲಿಲ್ಲ. "ಸಿಸ್ಟರಮ್ಮ, ನಲವತ್ತು ವರ್ಷದ ಅಂಗಡಿ ಇದು. ಏ ಹುಡುಗಿ, ಆ ಮಾದರಿ ಹಾಕ್ಕೊಂಡು ಬಾ" ಎಂದು ನನ್ನನ್ನು ಎಬ್ಬಿಸಿದರು. ನಾನು ಹಾಕಿಕೊಂಡು ಬಂದೆ. ಅತ್ತೆ ನನ್ನ ಭುಜ ಹಿಡಿದು ಅವರ ಮುಂದೆ ನಿಲ್ಲಿಸಿದರು. "ನೋಡಿ, ಅಚ್ಚು ಹೊಯ್ದ ಹಾಗೆ ಕೂತಿದೆ. ಎಲ್ಲಿ ಸಡಿಲ?"

ದೊಡ್ಡ ಸಿಸ್ಟರ್ ಕಾಲರನ್ನು ನೋಡಲೇ ಇಲ್ಲ. ಹತ್ತಿರ ಬಂದು ಮೇಲಿನ ಗುಂಡಿ ಬಿಚ್ಚಿದರು. "ಇವಳಿಗೊಂದು ಲೋಟ ನೀರು ಕೊಡಿ" ಎಂದರು. ಸಮವಸ್ತ್ರದ ತಕರಾರಿನ ನಡುವೆ ಇದೆಂಥ ಉಪಚಾರ ಎಂದು ನಾವು ಮುಖ ಮುಖ ನೋಡಿಕೊಂಡೆವು. ನಾನು ತಲೆಯೆತ್ತಿ ಒಂದು ಗುಟುಕು ಕುಡಿದೆ.

"ಇನ್ನೊಂದು ಗುಟುಕು. ಅಮ್ಮಾ, ನೀವು ಕಾಲರ್ ಬಿಡಿ, ಕುತ್ತಿಗೆ ನೋಡಿ."

ಅಳತೆ ನೋಡುವ ದೊಡ್ಡ ಕನ್ನಡಿ ಎದುರಿಗೇ ಇತ್ತು. ನಾನು ನುಂಗಿದಾಗ ಗಂಟಲ ಕೆಳಗೆ ಎರಡೂ ಪಕ್ಕಕ್ಕೆ ಹರಡಿದ ಒಂದು ಉಬ್ಬು ಮೇಲೆ ಹೋಗಿ ಕೆಳಗೆ ಇಳಿಯಿತು. ದಿನಾ ನೋಡುವ ಕನ್ನಡಿ, ದಿನಾ ನೋಡುವ ಕುತ್ತಿಗೆ. ಅತ್ತೆ ಟೇಪು ತೆಗೆದು ಸುತ್ತಿ ನೋಡಿದರು. ಟೇಪಿನ ಮೇಲೆ ಬೆರಳಿಟ್ಟುಕೊಂಡು ಅಂಕಿಯನ್ನು ಮತ್ತೊಮ್ಮೆ ಓದಿದರು. ನನ್ನ ಗಂಡ ಮೆಲ್ಲಗೆ ಹೇಳಿದರು, "ಹಾಗಾದ್ರೆ ಕತ್ತರೀದೂ ಅಲ್ಲ, ಮೆಷೀನಿಂದೂ ಅಲ್ಲ."

ಸಿಸ್ಟರ್ ಒಂದಾದ ಮೇಲೊಂದು ಕೇಳಿದರು. ಸುಸ್ತಾ? ಚಳಿ ಆಗುತ್ತಾ? ಕೂದಲು ಉದುರುತ್ತಾ? ತಿಂಗಳು ತಿಂಗಳು ಸರಿಯಾಗಿ ಮುಟ್ಟಾಗುತ್ತಾ? ಕೊನೆಗೆ, "ಮಕ್ಕಳು?" ಎಂದರು.

ಮದುವೆಯಾದ ಎರಡನೆಯ ವರ್ಷ ನಾನು ಬಸಿರಾಗಿದ್ದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮೂರನೆಯ ತಿಂಗಳಲ್ಲೇ ಹೋಯಿತು. ಆಮೇಲೆ ನಿಲ್ಲಲೇ ಇಲ್ಲ. ನಮ್ಮ ಮನೆಯಲ್ಲಿ ಯಾರೂ ನನ್ನನ್ನು ಒಂದು ಮಾತು ಅಂದವರಲ್ಲ, ಆದರೆ ಅನ್ನದೇ ಇರುವುದೂ ಒಂದು ಭಾರವೇ. ಮಕ್ಕಳ ಶಾಲೆಯ ಸಮವಸ್ತ್ರ ಬಂದಾಗ ಅತ್ತೆ ಆ ಪುಟ್ಟ ಅಂಗಿಗಳಿಗೆ ಗುಂಡಿ ಹಚ್ಚುವ ಕೆಲಸ ನನಗೆ ಕೊಡದೆ ತಾವೇ ಹಚ್ಚುತ್ತಿದ್ದರು. ಅದಕ್ಕೆ ನನಗೆ ಇನ್ನಷ್ಟು ಅಳು ಬರುತ್ತಿತ್ತು.

"ಒಂದು ಹೋಯ್ತು ಸಿಸ್ಟರ್. ಮತ್ತೆ ಆಗಲಿಲ್ಲ" ಎಂದೆ.

"ಗುಂಡಿ ಆಮೇಲೆ ಹಚ್ಚಿದ್ರಾಯ್ತು. ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಬಾ. ಬರ್ಲಿಲ್ಲ ಅಂದ್ರೆ ಈ ಗಂಟಿನ ಜಗಳ ತೀರಲ್ಲ, ನೋಡ್ಕೋ" ಎಂದು ಬೆದರಿಸಿ ಹೋದರು. ಆ ಬೆದರಿಕೆಗೆ ಅವರ ಹೊಟ್ಟೆ ತಣ್ಣಗಿರಲಿ.

ರಕ್ತ ಪರೀಕ್ಷೆ ಆಯಿತು. ಡಾಕ್ಟರಮ್ಮ ನಿಧಾನವಾಗಿ ಬಿಡಿಸಿ ಹೇಳಿದರು. ಕುತ್ತಿಗೆಯಲ್ಲಿ ಥೈರಾಯ್ಡ್ ಎಂಬ ಗ್ರಂಥಿ ಇದೆ, ನನ್ನದು ಸೋತಿದೆ, ಸೋತದ್ದನ್ನು ತುಂಬಿಕೊಳ್ಳಲು ಹೋಗಿ ಊದಿದೆ. ಸುಸ್ತು, ಚಳಿ, ನಿದ್ದೆ ಎಲ್ಲ ಅದರದ್ದೇ. "ಗರ್ಭ ನಿಲ್ಲದೇ ಇರೋದಕ್ಕೂ ಇದು ಕಾರಣ ಆಗಿರಬಹುದು. ಇದೊಂದೇ ಅಂತ ನಾನು ಹೇಳಲ್ಲ. ಮೊದಲು ಇದನ್ನ ಸರಿಮಾಡೋಣ, ಆಮೇಲೆ ನೋಡೋಣ" ಎಂದರು.

ಮಾತ್ರೆ ನೋಡಿ ಅತ್ತೆಗೆ ಸಮಾಧಾನವಾಗಲಿಲ್ಲ. "ಇಷ್ಟೇನಾ? ಅಂಗಿ ಗುಂಡಿಗಿಂತ ಚಿಕ್ಕದಿದೆಯಲ್ಲ!" ಎಂದರು. ಆದರೆ ಮಾತ್ರೆ ಡಬ್ಬಿಯ ಯಜಮಾನಿಕೆ ಮಾತ್ರ ಅವತ್ತೇ ವಹಿಸಿಕೊಂಡರು. ಬೆಳಿಗ್ಗೆ ನಾನು ಕಣ್ಣು ಬಿಡುವ ಮೊದಲೇ ಮಂಚದ ಪಕ್ಕ ನೀರಿನ ಲೋಟ ಹಿಡಿದು ನಿಂತಿರುತ್ತಿದ್ದರು. ಮಾತ್ರೆ ಖಾಲಿ ಹೊಟ್ಟೆಗೆ ನುಂಗಬೇಕು, ಆಮೇಲೆ ಸ್ವಲ್ಪ ಹೊತ್ತು ಏನೂ ಬಾಯಿಗೆ ಹಾಕಬಾರದು. ಎದ್ದ ಕೂಡಲೇ ಚಹಾ ಬೇಕೇ ಬೇಕು ಎನ್ನುವ ಅತ್ತೆ, ನನ್ನ ಹೊತ್ತು ಮುಗಿಯುವವರೆಗೆ ತಾವೂ ಚಹಾ ಮುಟ್ಟುತ್ತಿರಲಿಲ್ಲ.

"ನೀವು ಕುಡೀರಿ ಅತ್ತೆ, ತಲೆ ನೋಯುತ್ತೆ ನಿಮಗೆ."

"ನೀನು ಬಾಯಿ ಒಣಗಿಸ್ಕೊಂಡು ಕೂತಿರ್ವಾಗ ನಿನ್ನೆದುರು ಸೊರ ಸೊರ ಅಂತ ಹೀರೋಕೆ ನಾನೇನು ರಾಕ್ಷಸೀನಾ?"

ನನ್ನ ಹೆತ್ತ ತಾಯಿ ಇದ್ದಿದ್ದರೂ ಇಷ್ಟು ಮಾಡುತ್ತಿದ್ದರೋ ಇಲ್ಲವೋ. ನಾನು ಆ ಮಾತನ್ನು ಅವರಿಗೆ ಹೇಳಲಿಲ್ಲ, ಹೇಳಿದ್ದರೆ ತಲೆ ಮೇಲೆ ಕೂರುತ್ತಿದ್ದರು. ಇಲ್ಲಿ ಹೇಳುತ್ತಿದ್ದೇನೆ.

ಮೆಲ್ಲಮೆಲ್ಲನೆ ಮೈಗೆ ಜೀವ ಬಂತು. ಬಾಯಿಗೂ ಬಂತು ಎಂದು ಗಂಡ ನಕ್ಕರು. ಆಸ್ಪತ್ರೆಯ ಕಾಲರುಗಳನ್ನೆಲ್ಲ ಬಿಚ್ಚಿ ಹೊಸದು ಹಾಕಿದೆವು. ಮಾದರಿಗೆ ದೊಡ್ಡ ಸಿಸ್ಟರೇ ತಮ್ಮ ಕುತ್ತಿಗೆ ಕೊಟ್ಟರು. ಬಿಚ್ಚಿದ ಕಾಲರುಗಳ ಬಟ್ಟೆಯನ್ನು ಅತ್ತೆ ಬಿಸಾಡಲಿಲ್ಲ, ಒಂದು ಚೀಲಕ್ಕೆ ತುಂಬಿ ಎತ್ತಿಟ್ಟರು. ಅದರ ಮರು ವರ್ಷ ನಾನು ಬಸಿರಾದೆ. ಡಾಕ್ಟರಮ್ಮ ಮಾತ್ರೆಯ ಬಲ ಹೆಚ್ಚಿಸಿದರು. ಇಷ್ಟು ದಿನ ನಿನ್ನೊಬ್ಬಳಿಗೆ, ಈಗ ಇಬ್ಬರಿಗೆ, ಒಂದು ದಿನವೂ ತಪ್ಪಿಸಬೇಡ ಎಂದರು.

ಮನೆಯಲ್ಲಿ ಯಾರೂ ಸಂತೋಷವನ್ನು ಗಟ್ಟಿಯಾಗಿ ಆಡಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಎಂಬುದು ಊರವರಿಗೆ ಬರೀ ಗಾದೆ. ಸೂಜಿ, ದಾರ ಹಿಡಿದೇ ಬದುಕುವ ನಮಗೆ ಅದು ಅಂಗಡಿಯ ಕಾನೂನು. ಹುಟ್ಟಲಿರುವ ಮಗುವಿಗೆ ನಮ್ಮ ಮನೆಯಲ್ಲಿ ಒಂದು ದಾರವನ್ನೂ ಸೂಜಿಗೆ ಪೋಣಿಸುವಂತಿಲ್ಲ.

ಹೀಗಿರುವಾಗ ಅತ್ತಿಗೆ ಬಂದರು. ಇವರು ನನ್ನ ಗಂಡನ ಅಕ್ಕ. ಲೋಕದ ಸುದ್ದಿಯೆಲ್ಲ ಮೊದಲು ಇವರ ಫೋನಿಗೇ ಬರುವುದರಿಂದ ತಮ್ಮನೇ ಇವರಿಗೆ ರೇಡಿಯೋ ಎಂದು ಹೆಸರಿಟ್ಟಿದ್ದಾರೆ. ಕೆಟ್ಟವರಲ್ಲ. ಇಬ್ಬರು ಹೆಣ್ಣುಮಕ್ಕಳನ್ನು ಹೆತ್ತು, ಗಂಡನ ಮನೆಯವರ ಕೊಂಕು ಮಾತು ಕೇಳಿ ಕೇಳಿ ಬೆಂದವರು. ನನಗೆ ಆ ಬೇಗೆ ಬೇಡ ಎಂಬುದೇ ಅವರ ಕಾಳಜಿ. ಕೂತ ಕೂಡಲೇ ಫೋನ್ ತೆಗೆದರು.

"ಅಮ್ಮಾ, ಇಲ್ಲಿ ಕೇಳು. ಥೈರಾಯ್ಡ್ ಹೆಚ್ಚುಕಡಿಮೆ ಆದ್ರೆ ಹುಟ್ಟೋದು ಗಂಡಾ ಹೆಣ್ಣಾ ಅನ್ನೋದೂ ಹೆಚ್ಚುಕಡಿಮೆ ಆಗುತ್ತಂತೆ. ಇನ್ನೂ ಶುರುವಿನ ತಿಂಗಳು. ಸ್ವಲ್ಪ ದಿನ ಮಾತ್ರೆ ನಿಲ್ಲಿಸಿದ್ರೆ ಗಂಡಾಗುತ್ತೆ ಅಂತ ಯಾರೋ ಬರೆದಿದ್ದಾರೆ."

ನನ್ನ ಸಿಟ್ಟು ನೆತ್ತಿಗೇರಿತು. "ಬಸಿರಾಗಿರೋದು ನಾನು ಅತ್ತಿಗೆ, ನಿಮ್ಮ ಫೋನಲ್ಲ!" ಎಂದೆ.

ಅತ್ತಿಗೆ ಪೆಚ್ಚಾದರು. ಆದರೆ ನಾನು ನೋಡುತ್ತಿದ್ದುದು ಅತ್ತೆಯನ್ನು. ಅವರು ಮಗಳನ್ನು ಬೈಯಲಿಲ್ಲ. ಅವರ ಕಣ್ಣು ಗೋಡೆಯ ಮೇಲಿನ ಕಪಾಟಿಗೆ ಹೋಯಿತು. ಅದರಲ್ಲಿ ಮಾವನ ದೊಡ್ಡ ಕತ್ತರಿ ಬಟ್ಟೆಯಲ್ಲಿ ಸುತ್ತಿ ಇಟ್ಟಿದೆ. ಮಾವ ಹೋದ ಮೇಲೆ ಅದನ್ನು ಮಗನಿಗೂ ಮುಟ್ಟಲು ಕೊಟ್ಟಿಲ್ಲ. ಮೊಮ್ಮಗ ಬಂದು ಹಿಡೀಲಿ ಎಂಬುದು ಅವರ ಆಸೆ. ಅತ್ತಿಗೆ ನಮ್ಮ ತಲೆಯಲ್ಲಿ ಹುಳ ಬಿಟ್ಟು ಸಂಜೆ ಹೊರಟು ಹೋದರು. ಅತ್ತೆ ರಾತ್ರಿ ಅರ್ಧ ಊಟಕ್ಕೇ ಎದ್ದರು.

ಮರುದಿನ ಬೆಳಿಗ್ಗೆ ನಾನು ಕಣ್ಣು ಬಿಟ್ಟಾಗ ಮಂಚದ ಪಕ್ಕ ಯಾರೂ ಇರಲಿಲ್ಲ. ಅಡುಗೆಮನೆಯಲ್ಲಿ ಇಲ್ಲ, ಮೆಷೀನಿನ ಮುಂದೆಯೂ ಇಲ್ಲ. ಡಬ್ಬಿ ಇಡುವ ಜಾಗ ಖಾಲಿ.

"ಅಮ್ಮ ಆಗಲೇ ಹೊರಟ್ರು. ಎಲ್ಲಿಗೆ ಅಂತ ಹೇಳ್ಲಿಲ್ಲ" ಎಂದರು ಗಂಡ.

ದಾರದ ಪೆಟ್ಟಿಗೆ, ಗುಂಡಿಯ ಡಬ್ಬ, ಇಸ್ತ್ರಿ ಮೇಜಿನ ಖಾನೆ ಎಲ್ಲ ತೆಗೆದು ಸುರಿದೆ. ಮೊದಲನೆಯದು ಹೋದ ದಿನದ ಹೊಟ್ಟೆಯ ನೋವು ನೆನಪಿಗೆ ಬಂತು. "ನಿಮ್ಮಮ್ಮ ಮಾತ್ರೆ ಬಚ್ಚಿಟ್ಟಿದ್ದಾರೆ. ಅವರಿಗೆ ಮೊಮ್ಮಗ ಬೇಕು, ನನ್ನ ಮಗು ಏನಾದ್ರೂ ಆಗಲಿ ಅಂತ! ಈ ಸಲ ಹೋದ್ರೆ ನಾನು ಉಳಿಯಲ್ಲ ರೀ" ಎಂದು ನೆಲದ ಮೇಲೆ, ಚೆಲ್ಲಿದ ಗುಂಡಿಗಳ ನಡುವೆ ಕೂತು ಅತ್ತುಬಿಟ್ಟೆ. ಗಂಡ ಹೊಸ ಮಾತ್ರೆ ತರಲು ಚಪ್ಪಲಿ ಮೆಟ್ಟಿದರು. ಅಷ್ಟರಲ್ಲಿ ಬಾಗಿಲಲ್ಲಿ ಅತ್ತೆ ಕಾಣಿಸಿದರು. ಕೈಯಲ್ಲಿ ಡಬ್ಬಿ ಇತ್ತು.

"ಏನೂ ತಿಂದಿಲ್ಲ ತಾನೇ? ಮೊದಲು ಬಾಯಿ ತೆಗಿ" ಎಂದು ಮಾತ್ರೆ ಹಾಕಿ ನೀರು ಕುಡಿಸಿದರು. ಆಮೇಲೆ ನನ್ನ ಪಕ್ಕ ನೆಲದ ಮೇಲೇ ಕೂತರು.

"ಸುಳ್ಳು ಯಾಕೆ ಹೇಳ್ಲಿ, ಆಸೆ ಆಯ್ತು ಕಣೇ. ಬೆಳಿಗ್ಗೆ ಮಾತ್ರೆ ತೆಗೆಯೋಕೆ ಹೋದ್ರೆ ಕೈ ಹಿಂದೆ ಮುಂದೆ ನೋಡ್ತು. ನನ್ನ ಕೈ ಮೇಲೆ ನನಗೇ ಹೆದರಿಕೆ ಆಯ್ತು. ಅದಕ್ಕೇ ಡಬ್ಬಿ ಸಮೇತ ಹೋಗಿ ಡಾಕ್ಟರಮ್ಮ ಬರೋ ತನಕ ಆಸ್ಪತ್ರೆ ಬಾಗಿಲಲ್ಲೇ ಕೂತಿದ್ದೆ. ನೇರ ಕೇಳ್ದೆ, ಮಾತ್ರೆ ನಿಲ್ಲಿಸಿದ್ರೆ ಗಂಡಾಗುತ್ತಾ ಅಂತ."

"ಏನಂದ್ರು?" ಎಂದು ಕೇಳಿದ್ದು ನನ್ನ ಗಂಡ.

"ಬೈದ್ರು. ಆಮೇಲೆ ಕೂರಿಸ್ಕೊಂಡು ಹೇಳಿದ್ರು. ಅಲ್ಲೊಂದು ಇಲ್ಲೊಂದು ಅಧ್ಯಯನ ಮಾಡಿದ್ದಾರಂತೆ, ನಂಬೋ ಹಾಗಿರೋದು ಏನೂ ಸಿಕ್ಕಿಲ್ಲವಂತೆ. ಗಂಡೋ ಹೆಣ್ಣೋ ಅನ್ನೋದು ಬಸಿರು ಕಟ್ಟೋ ಹೊತ್ತಿಗೇ ತೀರ್ಮಾನ ಆಗಿಹೋಗಿರುತ್ತಂತೆ. ಬಟ್ಟೆ ಕತ್ತರಿಸಿ ಆದ್ಮೇಲೆ ಅಂಗೀನ ಲಂಗ ಮಾಡೋಕಾಗುತ್ತಾ? ಮಾತ್ರೆ ನಿಲ್ಲಿಸಿದ್ರೆ ಗಂಡಂತೂ ಆಗಲ್ಲ, ಕೂಸಿನ ಬುದ್ಧಿಗೆ, ಜೀವಕ್ಕೇ ಕುತ್ತು ಅಂದ್ರು." ಅತ್ತೆ ಮಗನ ಕಡೆ ತಿರುಗಿದರು. ಕಣ್ಣಲ್ಲಿ ನೀರಿದ್ದರೂ ಮುಖದಲ್ಲಿ ಹಳೆಯ ಜಗಳ ಗೆದ್ದ ಕಳೆಯಿತ್ತು. "ಇನ್ನೂ ಒಂದು ಹೇಳಿದ್ರು. ಅದನ್ನ ತೀರ್ಮಾನ ಮಾಡೋದು ಗಂಡನ ಕಡೆಯಿಂದ ಬರೋದೇ ಅಂತೆ. ನಾನು ಅವತ್ತೇ ಹೇಳಿರ್ಲಿಲ್ವಾ? ಏನೇ ಆದ್ರೂ ಕತ್ತರಿಸಿದೋನದ್ದೇ ಹೊಣೆ, ಹೊಲಿಯೋರದ್ದಲ್ಲ!"

ಅಳುತ್ತಿದ್ದ ನಾನು ಪಕ್ಕನೆ ನಕ್ಕುಬಿಟ್ಟೆ. ಗಂಡ ನಾಚಿ, ಚಪ್ಪಲಿ ಕಳಚುವ ನೆಪದಲ್ಲಿ ಬಗ್ಗಿದರು. ಅತ್ತೆ ಮಾತ್ರ ನಗಲಿಲ್ಲ. ನೆಲದ ಗುಂಡಿಗಳನ್ನು ಒಂದೊಂದಾಗಿ ಆರಿಸುತ್ತಾ, ದನಿ ತಗ್ಗಿಸಿ ಹೇಳಿದರು.

"ಇನ್ನೊಂದೂ ಕೇಳ್ದೆ. ಮೊದಲನೇ ಸಲ ನೀನು ಬಸಿರಾದಾಗ ಸಂತೋಷ ತಡೀಲಾರದೆ ನಾನು ಕದ್ದು ಒಂದು ಕುಲಾವಿ ಹೊಲಿದಿದ್ದೆ. ಆಮೇಲೆ ಹೋಯ್ತಲ್ಲ. ನನ್ನಿಂದಲೇ ಹೋಯ್ತು ಅಂದ್ಕೊಂಡೆ. ಇಷ್ಟು ವರ್ಷ ನಿನ್ನ ಮುಖ ನೋಡಿದಾಗೆಲ್ಲ ಅದೇ. ಅದನ್ನ ಕೇಳಿದ್ದಕ್ಕೆ ಡಾಕ್ಟರಮ್ಮ ನನ್ನ ಕೈ ಹಿಡ್ಕೊಂಡು, ಕುಲಾವಿಗೂ ಅದಕ್ಕೂ ಏನೂ ಸಂಬಂಧ ಇಲ್ಲ ತಾಯಿ ಅಂದ್ರು."

ಭಾರ ಹೊತ್ತವಳು ನಾನೊಬ್ಬಳೇ ಎಂದುಕೊಂಡಿದ್ದೆ. ಆ ಪುಟ್ಟ ಅಂಗಿಗಳಿಗೆ ಅತ್ತೆ ತಾವೇ ಕೂತು ಗುಂಡಿ ಹಚ್ಚುತ್ತಿದ್ದುದು ಯಾಕೆ ಎಂದು ಆಗ ಗೊತ್ತಾಯಿತು.

ಅತ್ತೆ ಡಬ್ಬಿಯನ್ನು ನನ್ನ ಮುಂದೆ ಇಟ್ಟರು. "ಇನ್ನು ಇದು ನಿನ್ನ ಹತ್ರಾನೇ ಇರ್ಲಿ. ನನ್ನ ಮೇಲೆ ನಿನಗೆ ನಂಬಿಕೆ ಎಲ್ಲಿಂದ ಬರಬೇಕು?"

ನಾನು ಅದನ್ನು ಅವರ ಮಡಿಲಿಗೆ ತಳ್ಳಿದೆ. "ನೀವೇ ಕೊಡಿ. ನಾನು ನಿದ್ದೆಬುರುಕಿ, ನನಗೆ ಮರೆತು ಹೋಗುತ್ತೆ" ಎಂದೆ.

ಅವರು ಕೊಟ್ಟರು. ಹೆರಿಗೆಯ ದಿನದವರೆಗೂ ಒಂದು ಬೆಳಿಗ್ಗೆಯೂ ತಪ್ಪಲಿಲ್ಲ, ಅವರ ಚಹಾ ಒಂದು ಬೆಳಿಗ್ಗೆಯೂ ನನ್ನದಕ್ಕಿಂತ ಮುಂಚೆ ಆಗಲಿಲ್ಲ.

ಹೆರಿಗೆ ಕೋಣೆಯ ಹೊರಗೆ ನಡೆದದ್ದನ್ನು ನನಗೆ ಗಂಡ ಹೇಳಿದರು. ಮಗುವನ್ನು ಎತ್ತಿಕೊಂಡು ಬಂದದ್ದು ದೊಡ್ಡ ಸಿಸ್ಟರೇ. ಅವರ ಕಾಲರು ಚೊಕ್ಕಟವಾಗಿ ಕೂತಿತ್ತಂತೆ. ಅತ್ತಿಗೆ ಓಡಿ ಹೋಗಿ, "ಗಂಡಾ, ಹೆಣ್ಣಾ?" ಎಂದರಂತೆ. ಅತ್ತೆ ಮಗಳನ್ನು ಪಕ್ಕಕ್ಕೆ ಸರಿಸಿ ಕೇಳಿದರಂತೆ, "ಅದಿರ್ಲಿ ಸಿಸ್ಟರಮ್ಮ. ಕುತ್ತಿಗೆ ಹೇಗಿದೆ?"

ಸಿಸ್ಟರಿಗೆ ನಗು ತಡೆಯಲಾಗಲಿಲ್ಲವಂತೆ. "ಈಗ ಹುಟ್ಟಿದ ಕೂಸಿಗೆ ಕುತ್ತಿಗೆ ಎಲ್ಲಿರುತ್ತಮ್ಮಾ? ಹುಡುಕಬೇಕು! ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ನೋಡ್ತೀವಿ, ಆಗ ಗೊತ್ತಾಗುತ್ತೆ. ಸದ್ಯಕ್ಕೆ ಮೊಮ್ಮಗಳನ್ನ ಎತ್ಕೊಳ್ಳಿ."

ಅತ್ತೆ ಎತ್ತಿಕೊಂಡೇ ನನ್ನ ಬಳಿ ಬಂದರು. ಚೀಲದಿಂದ ಒಂದು ಕುಲಾವಿ ತೆಗೆದು ನನ್ನ ಮಗಳ ತಲೆಗೆ ಹಾಕಿದರು. ಆ ಬಟ್ಟೆಯ ಗುರುತು ನನಗೆ ಕೂಡಲೇ ಸಿಕ್ಕಿತು. ವಾಪಸ್ಸು ಬಂದ ಕಾಲರುಗಳದ್ದು.

"ಯಾವಾಗ ಹೊಲಿದ್ರಿ ಇದನ್ನ?"

"ಡಾಕ್ಟರಮ್ಮನ್ನ ಕೇಳ್ಕೊಂಡು ಬಂದ ದಿನವೇ. ಗಾದೆ ಮಾಡಿದೋರಿಗೆ ಥೈರಾಯ್ಡ್ ಗೊತ್ತಿರ್ಲಿಲ್ಲ ಬಿಡು."

ಕೆಲವು ದಿನಗಳ ಮೇಲೆ ದೊಡ್ಡ ಸಿಸ್ಟರ್ ಕೆಲಸ ಮುಗಿಸಿ ಮನೆಗೆ ಹೋಗುತ್ತಾ ಅಂಗಡಿಯ ಬಾಗಿಲಲ್ಲೇ ನಿಂತು ಕೂಗಿ ಹೇಳಿದರು, ಮಗುವಿನ ರಕ್ತದಲ್ಲಿ ಎಲ್ಲ ಸರಿಯಾಗಿದೆ, ಥೈರಾಯ್ಡ್ ಚೆನ್ನಾಗಿದೆ ಎಂದು. ಅತ್ತೆ ಮೆಷೀನ್ ನಿಲ್ಲಿಸಿದರು. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು, ಸ್ಟೂಲು ಹತ್ತಿ ಕಪಾಟಿನಿಂದ ಮಾವನ ಕತ್ತರಿ ಇಳಿಸಿದರು. ಸುತ್ತಿದ ಬಟ್ಟೆ ಬಿಚ್ಚಿ ಮಗನ ಮುಂದೆ ಮೇಜಿನ ಮೇಲೆ ಇಟ್ಟರು.

"ಇದನ್ನ ಸಾಣೆ ಹಿಡಿಸ್ಕೊಂಡು ಬಾ."

"ಮೊಮ್ಮಗನಿಗೆ ಅಂತ ಇಟ್ಟಿದ್ದಲ್ವೇನಮ್ಮಾ?" ಎಂದರು ಗಂಡ, ಬೇಕೆಂದೇ.

"ಬಂದಿದ್ದಾಳಲ್ಲ ಹಿಡಿಯೋಳು. ಅವಳ ಕೈಗೆ ಬರೋ ಹೊತ್ತಿಗೆ ತುಕ್ಕು ಹಿಡಿದಿದ್ರೆ ನನ್ನನ್ನ ಸುಮ್ನೆ ಬಿಡ್ತಾಳಾ? ಅಮ್ಮನ ಬಾಯೇ ಬಂದಿದೆ ಅವಳಿಗೂ, ಕೇಳಿಸ್ತಿಲ್ವಾ?"

ಒಳಗೆ ತೊಟ್ಟಿಲಲ್ಲಿ ಮಗಳು ಗಂಟಲು ಹರಿಯುವ ಹಾಗೆ ಅಳುತ್ತಿದ್ದಳು. ನಾನು ಗುಂಡಿ ಕೆಳಗಿಟ್ಟು ಎದ್ದೆ.